ತಂಗಿಯ ಹಳೆಯ ಯಂತ್ರ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಉಪ್ಪಿನಕಾಯಿ ಭರಣಿ ಇದೆ. ಅದರಲ್ಲಿ ಉಪ್ಪಿನಕಾಯಿ ಇಲ್ಲ. ಕೋಲಾ ಡಬ್ಬಿ, ಬಿಯರ್ ಡಬ್ಬಿ ತೆರೆಯುವಾಗ ಬೆರಳು ಸಿಕ್ಕಿಸಿ ಎಳೆಯುತ್ತೇವಲ್ಲ, ಆ ಅಲ್ಯೂಮಿನಿಯಂ ಕಿವಿಗಳು ಅದರ ಕುತ್ತಿಗೆಯವರೆಗೆ ತುಂಬಿವೆ. ಸಿಂಗಾಪುರದ ಇಂಗ್ಲಿಷ್ ಬೆರೆಸಿ ಮಾತಾಡುವ ಮಗಳು ದೀಕ್ಷಾ ಆಗಾಗ ಅದನ್ನು ಎತ್ತಿ ಅಲ್ಲಾಡಿಸುತ್ತಾಳೆ.

“ಅಮ್ಮಾ, ಫುಲ್ ರಬ್ಬಿಶ್ ಇದು. ಥ್ರೋ ಮಾಡು ಲಾ.”

“ಅದು ನನ್ನ ಸಂಪಾದನೆ. ಮುಟ್ಟಬೇಡ.”

“ಸರಿ, ಆದ್ರೆ ನನ್ನ ಫ್ರೆಂಡ್ಸ್ ಬಂದಾಗ ಇದ್ರ ಸ್ಟೋರಿ ಹೇಳ್ಬೇಡ, ಪ್ಲೀಸ್.”

ಹೇಳಬೇಡ ಅಂದದ್ದನ್ನೇ ಈಗ ಬರೆಯಲು ಕುಳಿತಿದ್ದೇನೆ. ಇಲ್ಲಿನ ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ ನನ್ನಿಂದ ಕೇಳಿದ್ದು ನೀರುದೋಸೆ ಮಾಡುವ ವಿಧಾನ. ನೀರುದೋಸೆಯ ಬಗ್ಗೆ ಬರೆಯಲು ಏನಿದೆ? ಅಕ್ಕಿ, ನೀರು, ಉಪ್ಪು, ಸ್ವಲ್ಪ ತಾಳ್ಮೆ. ಅಲ್ಲಿಗೆ ಮುಗಿಯಿತು. ಉಳಿದ ಜಾಗಕ್ಕೆ ಇದು ಇರಲಿ.

ವಿಷಯ ಏನೆಂದರೆ, ನನಗೂ ನನ್ನ ತಂಗಿ ವಸಂತಿಗೂ ಮೆಟಲ್ ಡಿಟೆಕ್ಟರ್ ಹಿಡಿದು ಕಡಲ ತೀರದಲ್ಲಿ ಓಡಾಡುವ ಹುಚ್ಚು. ನಮ್ಮದು ಹುಡುಗಿಯರ ವಯಸ್ಸಲ್ಲ. ನಾನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮನೆ ಬಿಡುವವಳು, ಅವಳು ಎರಡು ಜೊತೆ ಕನ್ನಡಕ ಹೊತ್ತು ಬರುವವಳು. ಭಾನುವಾರ ಬೆಳಿಗ್ಗೆ ಬೆಡೋಕಿನ ನಮ್ಮ ಮನೆಯಲ್ಲಿ ಕಾಫಿ ಕುಡಿದು, ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂತಿರುವ ಯಂತ್ರಗಳನ್ನು ಹೆಗಲಿಗೇರಿಸಿ ಬೀಚಿಗೆ ಹೊರಡುತ್ತೇವೆ. ಮರಳ ಮೇಲೆ ತಟ್ಟೆಯನ್ನು ಅತ್ತಿತ್ತ ಬೀಸುತ್ತಾ ನಡೆಯುವುದು, ಕೆಳಗೆ ಲೋಹ ಇದ್ದರೆ ಯಂತ್ರ ಕೂಗುತ್ತದೆ, ಕೂಗಿದಲ್ಲಿ ಅಗೆಯುವುದು. ಸೈಕಲ್ಲಿನಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ಒಬ್ಬ ಚೀನೀ ಅಂಕಲ್ ಪ್ರತಿ ಸಲವೂ “ಗೋಲ್ಡ್ ಇದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿ ತಾನೇ ನಗುತ್ತಾನೆ.

ಗೋಲ್ಡ್ ಎಲ್ಲಿಂದ ಬರಬೇಕು? ಈ ಬೀಚು ಕಡಲಿಗೆ ಮಣ್ಣು ತುಂಬಿಸಿ ಮಾಡಿದ ನೆಲ. ಹಿಂದೆ ಇಲ್ಲಿ ಮೀನು ಓಡಾಡುತ್ತಿತ್ತಂತೆ. ಹೆಚ್ಚುಕಮ್ಮಿ ನನ್ನ ವಯಸ್ಸಿನ ಈ ನೆಲದಲ್ಲಿ ರಾಜರ ಕಾಲದ ನಿಧಿ ಸಿಗುತ್ತದೆ ಎಂದು ಆಸೆಪಡುವುದೂ, ನನ್ನ ತಲೆಯಲ್ಲಿ ಬೀಜಗಣಿತ ಸಿಗುತ್ತದೆ ಎಂದು ಆಸೆಪಡುವುದೂ ಒಂದೇ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬಡತನದಿಂದ ಬಿಟ್ಟೆ ಎಂದರೆ ಕೇಳುವವರಿಗೆ ಗೌರವ ಬರುತ್ತಿತ್ತೇನೋ. ನಿಜ ಹಾಗಲ್ಲ. ಹೈಸ್ಕೂಲಿಗೆ ದೋಣಿಯಲ್ಲಿ ಹೊಳೆ ದಾಟಿ ಹೋಗಬೇಕಿತ್ತು, ಆಚೆ ದಡದಲ್ಲಿ ಲೆಕ್ಕದ ಮೇಷ್ಟ್ರು ಇದ್ದರು. ದೋಣಿಗೆ ಹೆದರುತ್ತೇನೆ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಮೇಷ್ಟ್ರಿಗೆ ಹೆದರಿದ್ದೆ. ವಸಂತಿ ಎರಡಕ್ಕೂ ಹೆದರಲಿಲ್ಲ. ಅವಳು ಓದಿ, ಲೆಕ್ಕಪತ್ರದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಈಗ ಇಲ್ಲೇ ತಂಜಾಂಗ್ ಪಗಾರಿನ ಒಂದು ಕಂಪನಿಯಲ್ಲಿ ಗಾಜಿನ ಕೋಣೆಯೊಳಗೆ ಕೂರುತ್ತಾಳೆ. ನಾನು ಮದುವೆಯಾಗಿ ಇವರ ಹಿಂದೆ ಸಿಂಗಾಪುರಕ್ಕೆ ಬಂದು, ಹಬ್ಬಹರಿದಿನಕ್ಕೆ ನಾಲ್ಕು ಮನೆಗಳಿಗೆ ಅಡುಗೆ ಮಾಡಿಕೊಡುತ್ತಾ ಇದ್ದೇನೆ. ಇಬ್ಬರೂ ಒಂದೇ ಊರಿನಲ್ಲಿದ್ದೂ ವರ್ಷಗಟ್ಟಲೆ ಹಬ್ಬಕ್ಕೆ ಮಾತ್ರ ಮುಖ ನೋಡಿದವರು. ಅವಳ ಮನೆ ಬುಕಿತ್ ಪಂಜಾಂಗ್, ದ್ವೀಪದ ಆ ತುದಿ. ನಮ್ಮದು ಈ ತುದಿ. ಊರಲ್ಲಾದರೆ ಇಷ್ಟು ದೂರದಲ್ಲಿ ಎರಡು ತಾಲೂಕು ದಾಟಿಹೋಗುತ್ತವೆ.

ಹಾಗಿದ್ದಾಗ ಒಂದು ದಿನ ಅವಳು ಆಫೀಸಿನ ಸ್ನೇಹಿತೆಯ ಮಾತು ಕೇಳಿ ಒಂದು ಅಗ್ಗದ ಮೆಟಲ್ ಡಿಟೆಕ್ಟರ್ ಕೊಂಡಳು. ಕೆಲವು ತಿಂಗಳಾದ ಮೇಲೆ ದುಬಾರಿಯದೊಂದನ್ನು ಕೊಂಡಳು. ಅಗ್ಗದ್ದನ್ನು ನನ್ನ ಮನೆಗೆ ತಂದು ಸೋಫಾದ ಮೇಲೆ ಇಟ್ಟಳು.

“ಅಕ್ಕ, ಇದು ನಿಂಗೆ. ನಂದು ಹಳೇದು. ಚೆನ್ನಾಗೇ ಉಂಟು, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಆ ಮಾತು ನನಗೆ ಎಲ್ಲಿ ತಾಗಿತೆಂದರೆ, ಚಿಕ್ಕಂದಿನ ಒಂದು ಹಸಿರು ಲಂಗಕ್ಕೆ ತಾಗಿತು. ನಮ್ಮ ಮನೆಯಲ್ಲಿ ಬಟ್ಟೆ ಮೇಲಿನಿಂದ ಕೆಳಗೆ ಬರುತ್ತಿತ್ತು, ನೀರಿನ ಹಾಗೆ. ನಾನು ಹಾಕಿ ಬಿಟ್ಟದ್ದು ವಸಂತಿಗೆ. ನನ್ನ ಹಸಿರು ಲಂಗದ ಅಂಚು ಬಿಚ್ಚಿ, ಮತ್ತೆ ಹೊಲಿದು, ಮಸುಕಾದ ಗೆರೆ ಕಾಣದ ಹಾಗೆ ಲೇಸು ಹಚ್ಚಿ ಅಮ್ಮ ಅವಳಿಗೆ ತೊಡಿಸಿದ್ದರು. ಅವಳು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಾಗ ನಾನು, “ಅದು ನಂದು, ನಂಗೆ ಬೇಡ ಆದದ್ದು” ಅಂದಿದ್ದೆ. ಅವಳು ತಿರುಗುವುದನ್ನು ನಿಲ್ಲಿಸಿದ್ದಳು. ಅಷ್ಟೇ. ಅತ್ತದ್ದೂ ಇಲ್ಲ. ಈಗ ಸೋಫಾದ ಮೇಲಿನ ಯಂತ್ರ ನೋಡುತ್ತಾ, ಮೊದಲ ಸಲ ತಂಗಿಯ ಹಳೆಯದೊಂದು ಮೇಲಕ್ಕೆ ಹರಿದು ನನ್ನ ಬಳಿ ಬಂತಲ್ಲ ಎನ್ನಿಸಿತು. ಅವಳು ಪ್ರೀತಿಯಿಂದ ಕೊಟ್ಟಿದ್ದಳು. ನನಗೆ ಆ ಲಂಗ ಚುಚ್ಚಿತು.

ಈಗ ನಿಮ್ಮಲ್ಲಿ ಯಾರಾದರೂ ಡಿಟೆಕ್ಟರ್ ಕೊಳ್ಳುವ ಯೋಚನೆಯಲ್ಲಿದ್ದರೆ ಎರಡು ಮಾತು ಹೇಳಿಬಿಡುತ್ತೇನೆ. ಎರಡೂ ಯಂತ್ರ ಬಳಸಿದವಳಾದ್ದರಿಂದ ಈ ಒಂದು ವಿಷಯದಲ್ಲಿ ನಾನು ಪಂಡಿತೆ.

ಅಗ್ಗದ್ದು ಹಗುರ. ಅದಕ್ಕೆ ಒಂದೇ ಸ್ವರ. ಚಿನ್ನವಿರಲಿ, ಮೊಳೆಯಿರಲಿ, ಚಾಕೊಲೇಟಿನ ಬೆಳ್ಳಿ ಕಾಗದವಿರಲಿ, ಎಲ್ಲದಕ್ಕೂ “ಟೂಂ”. ಒದ್ದೆ ಮರಳಿಗೆ ಹೋದರೆ ಉಪ್ಪುನೀರಿಗೇ ಬೆದರಿ, ಏನೂ ಇಲ್ಲದಿದ್ದರೂ ಕೂಗಿಕೊಳ್ಳುತ್ತದೆ. ಗೇಣುದ್ದಕ್ಕಿಂತ ಕೆಳಗಿನದು ಅದಕ್ಕೆ ಬೇರೆ ಲೋಕ. ವಸಂತಿಯ ದುಬಾರಿಯದು ಹಾಗಲ್ಲ. ಅಲೆ ಬಂದು ಬಡಿದರೂ ಗಂಭೀರವಾಗಿರುತ್ತದೆ. ಕಬ್ಬಿಣಕ್ಕೆ ಒಂದು ಸ್ವರ, ತಾಮ್ರಕ್ಕೆ ಒಂದು, ನಾಣ್ಯಕ್ಕೆ ಇನ್ನೊಂದು. ಪರದೆಯ ಮೇಲೆ ನಂಬರು ಬರುತ್ತದೆ. ವಸಂತಿ ಅದರ ಪುಸ್ತಕವನ್ನು ಪೂರ್ತಿ ಓದಿ, ಗೆರೆ ಎಳೆದು, ಯಾವ ನಂಬರಿಗೆ ಏನು ಎಂದು ಬಾಯಿಪಾಠ ಮಾಡಿದ್ದಾಳೆ. ಯಂತ್ರ ಒಂದು ನಂಬರು ತೋರಿಸಿದರೆ, “ಅದು ಡಬ್ಬಿ ಕಿವಿ ಅಕ್ಕ, ಬಿಡು” ಎಂದು ಮುಂದೆ ಹೋಗುತ್ತಾಳೆ.

ನಾನು ಬಿಡುವುದಿಲ್ಲ. ಬಿಡಲು ನನ್ನ ಯಂತ್ರ ಹೇಳಿಕೊಡುವುದಿಲ್ಲ. ಟೂಂ ಅಂದಲ್ಲೆಲ್ಲ ಮಂಡಿಯೂರಿ ಅಗೆಯುತ್ತೇನೆ. ಅದಕ್ಕೇ ಭರಣಿ ತುಂಬಿದ್ದು. ಆದರೆ ಒಂದು ದಿನ, ಅವಳು “ಡಬ್ಬಿ ಕಿವಿ, ಬಿಡು” ಎಂದು ದಾಟಿಹೋದ ಜಾಗದಲ್ಲಿ ನಾನು ಅಗೆದಾಗ ತೆಳ್ಳಗಿನ ಚಿನ್ನದ ಉಂಗುರ ಬಂತು. ಯಂತ್ರಕ್ಕೆ ತೆಳು ಉಂಗುರವೂ ಡಬ್ಬಿ ಕಿವಿಯೂ ಹೆಚ್ಚುಕಮ್ಮಿ ಒಂದೇ ನಂಬರಂತೆ. ಬುದ್ಧಿವಂತ ಯಂತ್ರಕ್ಕೆ ಗೊಂದಲ, ದಡ್ಡ ಯಂತ್ರಕ್ಕೆ ಉಂಗುರ. ಉಂಗುರವನ್ನು ಅದೇ ದಿನ ಪೊಲೀಸರಿಗೆ ಕೊಟ್ಟು ಬಂದೆವು, ಅದು ಬೇರೆ ಮಾತು. ಆದರೆ ಅದನ್ನು ಕೈಯಲ್ಲಿ ಹಿಡಿದು ತಂಗಿಯ ಮುಖ ನೋಡಿದ ಆ ಗಳಿಗೆ ಇದೆಯಲ್ಲ, ಅದರ ರುಚಿ ನನ್ನ ನಾಲಿಗೆಗೆ ಹತ್ತಿಬಿಟ್ಟಿತು.

ಇಲ್ಲಿಂದ ಮುಂದಿನದು ನನ್ನ ಮಾನಗೇಡು.

ಒಂದು ಶನಿವಾರ ಸಂಜೆ ಹೊಸ ಬ್ಯಾಟರಿ ಹಾಕಿ, ಸರಿಯಾಗಿದೆಯೇ ನೋಡೋಣವೆಂದು ಒಬ್ಬಳೇ ಬೀಚಿಗೆ ಹೋದೆ. ಬಾದಾಮಿ ಮರಗಳ ಕೆಳಗೆ, ಜನ ಚಾಪೆ ಹಾಸಿ ಕೂರುವಲ್ಲಿ, ಕೆಲವು ನಾಣ್ಯ ಸಿಕ್ಕವು. ಮರುದಿನ ಅದೇ ಜಾಗದಲ್ಲಿ ವಸಂತಿ ಬೀಸಿಯೇ ಬೀಸಿದಳು. ಏನೂ ಇಲ್ಲ. “ಎಂತದೋ, ಇವತ್ತು ಮರಳು ಸತ್ತು ಹೋಗಿದೆ ಅಕ್ಕ” ಅಂದಳು. ನನಗೆ ಪಾಯಸ ಕುಡಿದ ಹಾಗಾಯಿತು. ಆಮೇಲಿನ ಶನಿವಾರ ಬ್ಯಾಟರಿಯ ನೆಪವೂ ಬೇಕಾಗಲಿಲ್ಲ. “ಸೊಪ್ಪು ತರ್ಲಿಕ್ಕೆ ಹೋಗ್ತೇನೆ” ಎಂದು ಇವರಿಗೆ ಹೇಳಿ, ಯಂತ್ರವನ್ನು ಕೊಡೆಯ ಜೊತೆ ಉದ್ದದ ಚೀಲದಲ್ಲಿ ಹಾಕಿ, ಭಾನುವಾರ ನಾವು ನಡೆಯುವ ದಾರಿಯನ್ನೆಲ್ಲ ಮುಂಚಿತವಾಗಿ ಗುಡಿಸಿ ಬರತೊಡಗಿದೆ. ಹೊಂಡಗಳನ್ನು ಚೆನ್ನಾಗಿ ಮುಚ್ಚುತ್ತಿದ್ದೆ. ರಂಗೋಲಿ ಹಾಕುವ ಕೈಯಲ್ಲವೇ, ಗುರುತೇ ಉಳಿಯುತ್ತಿರಲಿಲ್ಲ. ಒಂದು ಸಂಜೆಯಂತೂ ಸೊಪ್ಪು ತರುವುದನ್ನೇ ಮರೆತು ಬಂದೆ. ಇವರು ನನ್ನ ಚಪ್ಪಲಿಯ ಮರಳನ್ನೂ ಬರಿಗೈಯನ್ನೂ ನೋಡಿ, “ಇವತ್ತು ಸೊಪ್ಪು ಬೀಚಲ್ಲಿ ಬೆಳೆದಿತ್ತಾ?” ಅಂದರು. ಅವರು ಹೆಚ್ಚು ಕೇಳುವವರಲ್ಲ.

ಭಾನುವಾರ ತಂಗಿಯ ದೊಡ್ಡ ಯಂತ್ರ ಮೌನವಾಗಿ ತಿರುಗುತ್ತಿತ್ತು. ನಾನು ಹಿಂದಿನ ಸಂಜೆಯೇ ಒಂದೆರಡು ಜಾಗ ಅಗೆಯದೆ ಗುರುತಿಟ್ಟು ಬಿಟ್ಟು ಬಂದಿರುತ್ತಿದ್ದೆ, ಅವಳ ಎದುರಿಗೆ ಅಗೆದು ತೋರಿಸಲು. “ಹಳೇದಾದ್ರೂ ಪರ್ವಾಗಿಲ್ಲ ಮಾರಾಯ್ತಿ ನಿನ್ನ ಯಂತ್ರ” ಎನ್ನುತ್ತಿದ್ದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಹೀಗೆ ಎಷ್ಟು ಕಾಲ ನಡೆಯುತ್ತಿತ್ತೋ. ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು ವಸಂತಿ ಹೇಳಿದಳು: “ಅಕ್ಕ, ನಾನಿದನ್ನು ಮಾರ್ತೇನೆ ಅಂತ ಇದ್ದೇನೆ.”

“ಯಾಕೆ?”

“ಎಂತ ಸಿಗ್ತದೆ ಹೇಳು? ನಂಗೆ ಕೈಗುಣ ಇಲ್ಲ. ಇಷ್ಟು ದುಡ್ಡು ಹಾಕಿ ತಗೊಂಡು, ಬೆಳಿಗ್ಗೆ ಬೇಗ ಎದ್ದು, ಟ್ರೇನಲ್ಲಿ ಎಲ್ರೂ ನನ್ನನ್ನೇ ನೋಡ್ತಾರೆ, ಬಾಂಬ್ ಸ್ಕ್ವಾಡಿನವಳ ಹಾಗೆ. ಭಾನುವಾರ ಆದ್ರೂ ಮಲಗ್ತೇನೆ ಮಾರಾಯ್ತಿ.”

“ಹಾಗಾದ್ರೆ ಇಲ್ಲಿಗೆ ಬರುವುದು?”

“ಹಬ್ಬಕ್ಕೆ ಬರ್ತೇನಲ್ಲ.”

ಹಬ್ಬಕ್ಕೆ! ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಾನು ನಾಣ್ಯಗಳನ್ನು ಮಾತ್ರ ಗುಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಭಾನುವಾರವನ್ನೇ ಗುಡಿಸಿ ಹಾಕುತ್ತಿದ್ದೆ. ಇನ್ನು ಒಂದು ವಾರ ನೋಡು, ಆಮೇಲೆ ಮಾರು ಎಂದು ಹೇಗೋ ಒಪ್ಪಿಸಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ದಾರಿಯಲ್ಲಿ ಸಿಕ್ಕಿದ ಯಾವುದನ್ನೂ ಹಾಗೇ ಒಳಗೆ ತರಬಾರದು, ಅದರ ಹಿಂದೆ ಕಳೆದುಕೊಂಡವರ ಸಂಕಟ ಇರುತ್ತದೆ ಎನ್ನುತ್ತಿದ್ದರು ಅಮ್ಮ. ತೊಳೆದು ದೇವರ ಮುಂದೆ ಇಡಬೇಕು. ನಮಗೆ ಬೀಚಿನಲ್ಲಿ ಸಿಕ್ಕ ನಾಣ್ಯಗಳೆಲ್ಲ ನನ್ನ ದೇವರ ಮಂಟಪದಲ್ಲಿ ಹಿತ್ತಾಳೆಯ ಹರಿವಾಣದಲ್ಲಿರುತ್ತವೆ. ಶುಕ್ರವಾರ ಅವಕ್ಕೂ ಅರಿಶಿನ ಕುಂಕುಮ. ವರ್ಷಕ್ಕೊಮ್ಮೆ ದೇವಸ್ಥಾನದ ಹುಂಡಿಗೆ. ಆ ಶನಿವಾರ ಸಂಜೆ ನಾನು ದೇವರ ಮುಂದೆ ನಿಂತು, “ಬೇರೆ ದಾರಿ ಇಲ್ಲ, ಸ್ವಲ್ಪ ಹೊತ್ತಿಗೆ ಕೊಡು” ಎಂದು ಕೇಳಿ ಒಂದು ಮುಷ್ಟಿ ನಾಣ್ಯ ತೆಗೆದುಕೊಂಡೆ. ನಲ್ಲಿಯ ಕೆಳಗೆ ತೊಳೆದೆ. ಅವಸರವಿತ್ತು, ಕತ್ತಲಾಗುವ ಮೊದಲು ಹೂಳಬೇಕಿತ್ತು. ಅಷ್ಟು ದಿನ ಬರಿದು ಮಾಡಿದ ದಾರಿಯಲ್ಲೇ, ಬಾದಾಮಿ ಮರದಿಂದ ನೀರಿನ ಕಡೆಗೆ, ಬದನೆ ಸಸಿ ನೆಟ್ಟ ಹಾಗೆ ಸಾಲಾಗಿ ನಾಣ್ಯ ನೆಟ್ಟು ಬಂದೆ.

ಭಾನುವಾರ ವಸಂತಿ ಬಂದವಳೇ ಬೇರೆ ದಿಕ್ಕಿಗೆ ಹೊರಟಳು.

“ಆ ಬದಿಗೆ ಬೇಡ ಅಕ್ಕ, ಅಲ್ಲಿ ಎಂತದೂ ಇಲ್ಲ. ಈ ಕಡೆ ಹೋಗುವ.”

“ಅಲ್ಲಿ ಬಿಸಿಲು ಮಾರಾಯ್ತಿ. ಇಲ್ಲಿ ನೆರಳುಂಟು.”

“ಎಂತ ಬಿಸಿಲು? ಮೋಡ ಅಲ್ವಾ?”

“ನನ್ನ ಮೊಣಕಾಲಿಗೆ ಈ ಮರಳೇ ಒಳ್ಳೇದು. ಮೆತ್ತಗೆ ಉಂಟು.”

ಅವಳು ನನ್ನನ್ನು ಒಮ್ಮೆ ನೋಡಿ, ಮೊಣಕಾಲಿಗೆ ಮರ್ಯಾದೆ ಕೊಟ್ಟು ಮರದ ಕಡೆಗೆ ಬಂದಳು. ಸ್ವಲ್ಪದರಲ್ಲೇ ಅವಳ ಯಂತ್ರ ಸಣ್ಣ ಗಂಟೆಯಂತೆ ಮಧುರವಾಗಿ ಕೂಗಿತು. ನಾಣ್ಯದ ಸ್ವರ. ಅವಳ ಮುಖ ಅರಳಿದ್ದನ್ನು ನಾನು ಎಷ್ಟು ತಿಂಗಳಿಂದ ನೋಡಿರಲಿಲ್ಲ! ತೂತಿನ ಸಲಿಕೆಯಲ್ಲಿ ಮರಳು ಜಾಲಿಸಿ ಒಂದು ಡಾಲರಿನ ನಾಣ್ಯ ಎತ್ತಿ, “ಅಕ್ಕಾ! ಒಂದು ಡಾಲರ್!” ಎಂದು ಕೂಗಿದಳು. ಗಾಜಿನ ಕೋಣೆಯಲ್ಲಿ ಕೂತು ದಿನವಿಡೀ ದೊಡ್ಡ ದೊಡ್ಡ ಲೆಕ್ಕ ನೋಡುವವಳು. ಹೋಗಿ ಅಲೆಯಲ್ಲಿ ತೊಳೆದಳು. ಬೆರಳಲ್ಲಿ ಉಜ್ಜಿದಳು. ಮತ್ತೆ ಉಜ್ಜಿದಳು. ಆಮೇಲೆ ಬೆರಳನ್ನು ನೋಡುತ್ತಾ ನಿಂತಳು.

ತುಪ್ಪದ ಕೈಯಲ್ಲಿ ಹಚ್ಚಿದ ಕುಂಕುಮ, ನಾಣ್ಯದ ಅಂಚಿನ ಗೆರೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. ನಲ್ಲಿಯ ನೀರಿಗೆ ಬಿಡದ್ದು ತಂಗಿಯ ಹೆಬ್ಬೆರಳಿಗೆ ಬಿಟ್ಟಿತ್ತು.

ಅವಳು ನಿಧಾನವಾಗಿ ನನ್ನ ಬಳಿ ಬಂದಳು. ನಾನು ಕಡಲಲ್ಲಿ ನಿಂತ ಹಡಗುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

“ಅಕ್ಕ, ಈ ಕಡಲಲ್ಲಿ ಶುಕ್ರವಾರದ ಪೂಜೆ ಜೋರುಂಟು ಕಾಣ್ತದೆ.”

ಅವಳು ಕೆಂಪು ಬೆರಳನ್ನು ನನ್ನ ಹಣೆಗೆ ಒತ್ತಿದಳು. ಅವಳ ಕಣ್ಣು ತುಂಬಿತ್ತು.

“ನಾನು ಬರುವುದು ನಿಲ್ಲಿಸ್ತೇನೆ ಅಂತ ದೇವರ ದುಡ್ಡು ತಂದು ಹೂಳಿದ್ಯಾ? ಪಾಪಚ್ಚಿ ನೀನು. ನಾನು ಮಾರುದಿಲ್ಲ, ಆಯ್ತಾ?”

ಇಲ್ಲಿಗೆ ಕತೆ ಮುಗಿಸಿದ್ದರೆ ನಾನು ಒಳ್ಳೆಯವಳು. ನಾನು ಹಾಗೇ ಮುಗಿಸಿದೆ ಕೂಡ. ಶನಿವಾರದ ವಿಷಯ ಬಾಯಿಯವರೆಗೆ ಬಂದು ವಾಪಸು ಹೋಯಿತು. ಉಳಿದ ನಾಣ್ಯಗಳನ್ನು ಇಬ್ಬರೂ ನಗುತ್ತಾ ಅಗೆದು ಹರಿವಾಣಕ್ಕೆ ಸೇರಿಸಿದೆವು. ಅವಳು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅವಳು ಸಿಕ್ಕಿದವರಿಗೆಲ್ಲ ಹೇಳಿದಳು. ಗಂಡನಿಗೆ, ಆಫೀಸಿನವರಿಗೆ, ಸಂಘದ ಯುಗಾದಿ ಊಟದ ಸಾಲಿನಲ್ಲಿ ಅಕ್ಕಪಕ್ಕ ಕೂತವರಿಗೆ. “ಅಕ್ಕ ಅಂದ್ರೆ ಹೀಗಿರ್ಬೇಕು” ಎಂದು ಒಬ್ಬ ಆಂಟಿ ನನ್ನ ಎಲೆಗೆ ತನ್ನ ಪಾಲಿನ ಹೋಳಿಗೆಯನ್ನೂ ಹಾಕಿದರು. ಆ ಹೋಳಿಗೆಯನ್ನು ಎಲೆಯ ತುದಿಯಲ್ಲೇ ಬಿಟ್ಟು ಎದ್ದೆ.

ಮುಂದಿನ ಭಾನುವಾರ, ಬೀಚಿನಿಂದ ಬಂದು ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಗಲಿಯ ಕಲ್ಲುಬೆಂಚಿನಲ್ಲಿ ಕೂತು ಕಾಲಿನ ಮರಳು ಕೊಡವುತ್ತಿದ್ದಾಗ ಹೇಳಿಬಿಟ್ಟೆ. ಶನಿವಾರದ ಸಂಜೆಗಳು, ಸೊಪ್ಪಿನ ನೆಪ, ಗುರುತಿಟ್ಟ ಜಾಗಗಳು, ಎಲ್ಲವನ್ನೂ. “ನಿಂಗೆ ಕೈಗುಣ ಇಲ್ಲ ಅಂತ ಅಲ್ಲ. ನಾನು ಮೊದಲೇ ತೆಗಿತಿದ್ದೆ.”

ವಸಂತಿ ಕಾಲು ಕೊಡವುವುದನ್ನು ನಿಲ್ಲಿಸಿದಳು. ಹಸಿರು ಲಂಗದಲ್ಲಿ ತಿರುಗುವುದನ್ನು ನಿಲ್ಲಿಸಿದ ಹಾಗೆಯೇ.

“ಯಾಕಕ್ಕ?”

“ಹಳೇದು ಕೊಟ್ಟಿ ಅಂತ.”

ಇಷ್ಟು ವಯಸ್ಸಾದ ಹೆಂಗಸು ಹೇಳುವ ಮಾತೇ ಇದು? ಆದರೆ ಇದ್ದದ್ದು ಇಷ್ಟೇ. ಅವಳು ಯಂತ್ರವನ್ನು ಚೀಲಕ್ಕೆ ಹಾಕಿ, ಮೇಲೆ ತಿಂಡಿಗೂ ಬಾರದೆ, ಸ್ಟೇಷನ್ನಿನ ಕಡೆ ನಡೆದಳು. ಆ ದಿನ ನೀರುದೋಸೆಯ ಹಿಟ್ಟು ಹಾಗೇ ಉಳಿಯಿತು. ಮುಂದಿನ ಭಾನುವಾರ ಅವಳು ಬರಲಿಲ್ಲ. ಫೋನು ಮಾಡಿದರೆ, “ಕೆಲಸ ಉಂಟು” ಎಂದಳು. ನಾನು ಯಂತ್ರದ ಬ್ಯಾಟರಿ ತೆಗೆದು ಮಸಾಲೆ ಡಬ್ಬಿಯ ಹಿಂದೆ ಇಟ್ಟೆ. “ನೀನು ಹೇಳದೇ ಇದ್ದಿದ್ರೆ ಆಗ್ತಿತ್ತಲ್ಲ” ಎಂದರು ಇವರು. ದೀಕ್ಷಾ ಮಾತ್ರ, “ಅಮ್ಮಾ, ಚಿಕ್ಕಮ್ಮ ಆಂಗ್ರಿ ಆಗ್ಲಿ. ಷಿ ಹ್ಯಾಸ್ ರೈಟ್, ವಾಟ್” ಅಂದಳು. ಇಬ್ಬರ ಮಾತೂ ಸರಿಯೆನ್ನಿಸಿ ಇನ್ನಷ್ಟು ಸಂಕಟವಾಯಿತು.

ಅದರ ಮುಂದಿನ ಶನಿವಾರ ಸಂಜೆ, ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನಿಜವಾದ ಸೊಪ್ಪು. ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ವಸಂತಿ. ಬೆನ್ನಿಗೆ ಯಂತ್ರ, ಕೈಯಲ್ಲಿ ರಾತ್ರಿ ಉಳಿಯುವ ಬಟ್ಟೆಯ ಚೀಲ.

“ಎಂತ, ಮನೆಯಲ್ಲೇ ಇದ್ದೀ? ಬೀಚಿಗೆ ಹೋಗ್ಲಿಲ್ವಾ?”

“ಇಲ್ಲ ಮಾರಾಯ್ತಿ. ಬ್ಯಾಟರಿ ತೆಗೆದಿಟ್ಟಿದ್ದೇನೆ.”

“ನಿನ್ನನ್ನು ನಂಬ್ಲಿಕ್ಕೆ ಆಗ್ತದಾ? ಇನ್ನು ಶನಿವಾರವೇ ಬರ್ತೇನೆ. ಕಾವಲಿಗೆ.” ಚೀಲವನ್ನು ಸೋಫಾದ ಮೇಲೆ ಎಸೆದಳು. ಬೆನ್ನಿನಿಂದ ದುಬಾರಿ ಯಂತ್ರವನ್ನು ಇಳಿಸಿ ನನ್ನ ಮಡಿಲಲ್ಲಿದ್ದ ಸೊಪ್ಪಿನ ಮೇಲೇ ಇಟ್ಟಳು. “ತಗೋ, ಇದು ನಿಂಗೆ. ನಂದು ಹಳೇದು ವಾಪಸ್ ಕೊಡು.”

“ಛೆ, ಇದು ನಂಗೆ ಬೇಡ. ನಂಗೆ ಇದರ ನಂಬರು ತಿಳಿಯುದಿಲ್ಲ.”

“ಕಲಿ. ಇಲ್ಲಿ ದೋಣಿಯೂ ಇಲ್ಲ, ಮೇಷ್ಟ್ರೂ ಇಲ್ಲ.”

ನನ್ನ ದೋಣಿಯ ಸುಳ್ಳು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ನನಗೆ ಆಗಲೇ ಗೊತ್ತಾದದ್ದು.

ಈಗ ಹೀಗಿದೆ ವ್ಯವಸ್ಥೆ: ದುಬಾರಿಯದು ನನ್ನ ಕೈಯಲ್ಲಿ, ಅಗ್ಗದ್ದು ಅವಳ ಕೈಯಲ್ಲಿ. ಅವಳು ಟೂಂ ಅಂದಲ್ಲೆಲ್ಲ ಅಗೆದು ಸಿಕ್ಕಿದ್ದನ್ನೆಲ್ಲ ನನ್ನ ಮೂಗಿನ ಹತ್ತಿರ ಹಿಡಿದು ತೋರಿಸುತ್ತಾಳೆ. ನಾನು ಪರದೆಯ ನಂಬರನ್ನು ದಿಟ್ಟಿಸುತ್ತಾ ನಿಂತಿರುತ್ತೇನೆ. ಅದು ಉಂಗುರವೋ ಡಬ್ಬಿ ಕಿವಿಯೋ ತೀರ್ಮಾನವಾಗುವಷ್ಟರಲ್ಲಿ ಅವಳು ಬಂದು ಅಲ್ಲೂ ಅಗೆದಿರುತ್ತಾಳೆ. ಭರಣಿಯನ್ನು ಈಗ ಅವಳೇ ತುಂಬಿಸುತ್ತಾಳೆ. ಹಾಗಾಗಿ ಯಾವ ಯಂತ್ರ ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ. ತಂಗಿಯ ಕೈಯಲ್ಲಿ ಯಾವುದಿದೆಯೋ ಅದೇ ಒಳ್ಳೆಯದಾಗಿ ಕಾಣುವ ಕಣ್ಣು ನನ್ನದು. ಅದು ಇನ್ನೂ ಪೂರ್ತಿ ವಾಸಿಯಾಗಿಲ್ಲ.

ಇದನ್ನು ಬರೆಯುತ್ತಿರುವುದು ಶನಿವಾರ ಮಧ್ಯಾಹ್ನ. ಸಂಜೆ ಕಾವಲಿನವಳು ಬರುತ್ತಾಳೆ. ಊಟ ಮಾಡಿ, ನನ್ನ ಕಳ್ಳತನವನ್ನು ದೀಕ್ಷಾಳಿಗೆ ಮತ್ತೊಮ್ಮೆ ಹೇಳಿ ನಗಿಸಿ, ಬಾಗಿಲಿಗೆ ಅಡ್ಡವಾಗಿ ಹಾಸಿಗೆ ಹಾಕಿ ಮಲಗುತ್ತಾಳೆ, ನಾನು ತಪ್ಪಿಸಿಕೊಂಡು ಹೋಗದ ಹಾಗೆ. ಅಂದ ಹಾಗೆ, ನೀರುದೋಸೆಯ ವಿಧಾನ ಕೇಳಿದ್ದಿರಲ್ಲ. ಅಕ್ಕಿಯನ್ನು ಹಿಂದಿನ ದಿನವೇ ನೆನೆಹಾಕಬೇಕು. ತಂಗಿ ರಾತ್ರಿ ಉಳಿಯುವವಳಿದ್ದರೆ ಒಂದು ಪಾವು ಜಾಸ್ತಿ.